ರೆಟಿನಾದ ರಕ್ತಪ್ರವಾಹ ಮಾಪನ ಮತ್ತು ಮ್ಯಾಕ್ಯುಲಾ ಶಸ್ತ್ರಚಿಕಿತ್ಸೆ

ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ, ಹರಿಯುವ ರಕ್ತವನ್ನು ಅದರ ನಡುಭಾಗವಾದ ಮ್ಯಾಕ್ಯುಲಾದ ಶಸ್ತ್ರಕ್ರಿಯೆಗೆ ಮುಂಚೆ ಮತ್ತು ಆಮೇಲೆ ಅಳೆದು ಹೋಲಿಸುವ ವಿಧಾನಗಳು. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ಕಾಣಬಹುದಾದ ಜಾಗ ಕಣ್ಣು. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಆಫ್ತಾಲ್ಮೋಸ್ಕೋಪನ್ನು ಪ್ರಕಟಿಸಿದಂದಿನಿಂದ ವೈದ್ಯರು ಅವನ್ನು ನೋಡುತ್ತಲೇ ಬಂದಿದ್ದಾರೆ. ಆದರೆ ನಾಳ ಕಂಡ ಮಾತ್ರಕ್ಕೆ ಅದರೊಳಗಿನ ಹರಿವು ಗೊತ್ತಾಗುವುದಿಲ್ಲ. ಹರಿವಿಗೆ ಅಂಕಿ ಸಿಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮೊದಲ ದಾರಿ ತೆರೆದವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ಹೆರಾಲ್ಡ್ ನೊವೊಟ್ನಿ ಮತ್ತು ಡೇವಿಡ್ ಆಲ್ವಿಸ್. ಫ್ಲೋರೆಸೀನ್ ಎಂಬ ಬಣ್ಣವನ್ನು ತೋಳಿನ ಅಭಿಧಮನಿಗೆ ಚುಚ್ಚಿ, ನೀಲಿ ಬೆಳಕು ಹಾಯಿಸಿ, ಅದು ಹೊಮ್ಮಿಸುವ ಹಸಿರು ಬೆಳಕನ್ನು ಸರಣಿ ಚಿತ್ರಗಳಲ್ಲಿ ಹಿಡಿಯುವುದು ಅವರ ಉಪಾಯ. ಯಾರ ಕಣ್ಣಿನ ಮೇಲೆ ಮೊದಲ ಪ್ರಯೋಗ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದರಂತೆ. ಸರದಿ ಆಲ್ವಿಸ್‌ಗೆ ಬಿತ್ತು. ನೇತ್ರವಿಜ್ಞಾನದ ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿತು. ಕೊನೆಗೆ 1961ರಲ್ಲಿ ಅದು ಬೆಳಕು ಕಂಡದ್ದು ಹೃದ್ರೋಗ ತಜ್ಞರ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ. ಚುಚ್ಚಿದ ಹತ್ತು ಹದಿನೈದು ಸೆಕೆಂಡುಗಳಲ್ಲಿ ಬಣ್ಣ ಕಣ್ಣಿಗೆ ತಲುಪುತ್ತದೆ: ಮೊದಲು ಅಪಧಮನಿಗಳು ಬೆಳಗುತ್ತವೆ, ಬಳಿಕ ಲೋಮನಾಳಗಳು ತುಂಬಿಕೊಳ್ಳುತ್ತವೆ, ಆಮೇಲೆ ಅಭಿಧಮನಿಗಳ ಅಂಚಿನಲ್ಲಿ ಬಣ್ಣದ ಗೆರೆ ಮೂಡುತ್ತದೆ. ರೋಗಿಯ ಚರ್ಮ ಕೆಲವು ಗಂಟೆ ಹಳದಿಯಾಗಿರುತ್ತದೆ. ಅದೇ ವಿಶ್ವವಿದ್ಯಾಲಯದ ಹಿಕಮ್ ಮತ್ತು ಫ್ರೇಸರ್ 1965ರಲ್ಲಿ ಈ ಚಿತ್ರಗಳಿಂದಲೇ ರಕ್ತ ರೆಟಿನಾವನ್ನು ದಾಟಲು ಬೇಕಾದ ಸರಾಸರಿ ಕಾಲವನ್ನು ಲೆಕ್ಕ ಹಾಕಿದರು. ಸಿಕ್ಕಿದ್ದು ಕಾಲ, ಪ್ರಮಾಣ ಇನ್ನೂ ಸಿಕ್ಕಿರಲಿಲ್ಲ.

ವೇಗವನ್ನು ನೇರವಾಗಿ ಹಿಡಿದದ್ದು ಲೇಸರ್ ಡಾಪ್ಲರ್. ಚಲಿಸುವ ರಕ್ತಕಣಕ್ಕೆ ಬಡಿದು ಮರಳುವ ಬೆಳಕಿನ ಆವರ್ತನ ಚೂರು ಬದಲಾಗುತ್ತದೆ. ಚಾರ್ಲ್ಸ್ ರಿವಾ ಮತ್ತು ಸಂಗಡಿಗರು 1972ರಲ್ಲಿ ಮೊಲದ ಕಣ್ಣಿನಲ್ಲಿ ಇದನ್ನು ಅಳೆದರು, 1974ರ ಹೊತ್ತಿಗೆ ಮನುಷ್ಯರ ಕಣ್ಣಿಗೂ ಅನ್ವಯಿಸಿದರು. ವೇಗವನ್ನು ನಾಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಪ್ರಮಾಣ. ಹೇಳಲು ಸುಲಭ. ನಾಳದ ವ್ಯಾಸ ಅಳೆಯುವುದರಲ್ಲಿ ಶೇಕಡಾ 5ರಷ್ಟು ಹೆಚ್ಚಾದರೂ ಪ್ರಮಾಣ ಶೇಕಡಾ 10ರಷ್ಟು ಏರಿಬಿಡುತ್ತದೆ. ಆರೋಗ್ಯವಂತ ಕಣ್ಣಿನ ಒಟ್ಟು ಹರಿವು ನಿಮಿಷಕ್ಕೆ ಸುಮಾರು 33 ಮೈಕ್ರೋಲೀಟರ್ ಎಂದು ರಿವಾ ತಂಡ 1985ರಲ್ಲಿ ಹೇಳಿದರೆ, ಫೆಕೆ ತಂಡ 1989ರಲ್ಲಿ ಕೊಟ್ಟ ಅಂಕಿ 80. ರೋಗದ ಮಾತು ಬದಿಗಿರಲಿ, ಸಹಜ ಎಂದರೆ ಎಷ್ಟು ಎಂಬುದರಲ್ಲೇ ಇಷ್ಟು ಅಂತರ.

ಡಾಪ್ಲರ್ ವಿಧಾನ ದೃಷ್ಟಿನರದ ಬಳಿಯ ದೊಡ್ಡ ನಾಳಗಳಿಗೆ ಹೊಂದುತ್ತದೆ. ಮ್ಯಾಕ್ಯುಲಾದ ಸಮಸ್ಯೆಯೇ ಬೇರೆ. ಅದರ ನಟ್ಟನಡುವೆ ಸುಮಾರು ಅರ್ಧ ಮಿಲಿಮೀಟರ್ ಅಗಲದ ಜಾಗದಲ್ಲಿ ರಕ್ತನಾಳಗಳೇ ಇಲ್ಲ. ಆ ಭಾಗಕ್ಕೆ ಪೋಷಣೆ ಕೆಳಗಿನ ಕೋರಾಯ್ಡ್ ಪದರದಿಂದ. ಸುತ್ತ ಇರುವುದು ಕೂದಲಿಗಿಂತ ಎಷ್ಟೋ ತೆಳ್ಳಗಿನ ಲೋಮನಾಳಗಳ ಬಲೆ. ಇಲ್ಲಿಗೆ ಒಗ್ಗಿದ ಜಾಣ ಉಪಾಯವೊಂದನ್ನು ರಿವಾ ಮತ್ತು ಪೆಟ್ರಿಗ್ 1980ರಲ್ಲಿ ಮುಂದಿಟ್ಟರು. ಶುಭ್ರ ನೀಲಿ ಆಕಾಶವನ್ನು ದಿಟ್ಟಿಸಿದರೆ ಕಣ್ಣೆದುರು ಚುಕ್ಕಿಗಳು ಓಡಾಡುತ್ತವೆ. ಕೆಂಪು ರಕ್ತಕಣಗಳು ನೀಲಿ ಬೆಳಕನ್ನು ಹೀರುತ್ತವೆ, ಬಿಳಿ ರಕ್ತಕಣಗಳು ಹೀರುವುದಿಲ್ಲ; ಕಾಣುವುದು ಲೋಮನಾಳಗಳಲ್ಲಿ ಸಾಗುವ ಬಿಳಿಯ ಕಣಗಳೇ. ಅವುಗಳ ವೇಗಕ್ಕೆ ಸರಿಹೊಂದುವಂತೆ ಪರದೆಯ ಮೇಲಿನ ಕೃತಕ ಚುಕ್ಕಿಗಳ ವೇಗವನ್ನು ರೋಗಿಯೇ ತಿದ್ದಬೇಕು. ಮಾಪನಯಂತ್ರ ರೋಗಿಯ ಕಣ್ಣೇ. ಮ್ಯಾಕ್ಯುಲಾ ಕೆಟ್ಟವರಿಗೆ ಚುಕ್ಕಿಗಳು ಸರಿಯಾಗಿ ಕಾಣವು ಎಂಬುದೇ ಇದರ ದೊಡ್ಡ ಕೊರತೆ.

ಈ ನಡುವೆ ಶಸ್ತ್ರಚಿಕಿತ್ಸೆಯೂ ಬೆಳೆದಿತ್ತು. ರಾಬರ್ಟ್ ಮ್ಯಾಖೆಮರ್ 1970ರಲ್ಲಿ ಮಯಾಮಿಯಲ್ಲಿ ಕಣ್ಣಿನೊಳಗಿನ ಲೋಳೆಯನ್ನು ಸಣ್ಣ ರಂಧ್ರದ ಮೂಲಕ ತೆಗೆಯುವ ವಿಟ್ರೆಕ್ಟಮಿ ಆರಂಭಿಸಿದರು. ಮ್ಯಾಕ್ಯುಲಾದಲ್ಲೇ ಬೀಳುವ ರಂಧ್ರವೂ ಇದರಿಂದ ಮುಚ್ಚಬಲ್ಲದು ಎಂದು ಕೆಲ್ಲಿ ಮತ್ತು ವೆಂಡೆಲ್ 1991ರಲ್ಲಿ ತೋರಿಸಿದರು. 52 ಕಣ್ಣುಗಳಲ್ಲಿ 30ರಲ್ಲಿ ಯಶಸ್ಸು. ಎಪಿರೆಟಿನಲ್ ಪೊರೆ ಎಂಬ ಇನ್ನೊಂದು ತೊಂದರೆಯಲ್ಲಿ ರೆಟಿನಾದ ಮೇಲೆ ತೆಳುಪೊರೆ ಬೆಳೆದು, ದಾರ ಎಳೆದ ಸೀರೆಯ ಹಾಗೆ ಅದನ್ನು ಸುಕ್ಕುಗಟ್ಟಿಸುತ್ತದೆ. ಈ ಸುಕ್ಕು ರಕ್ತವನ್ನೂ ತಡೆಯುತ್ತದೆಯೇ? ಯೋಕೊಹಾಮದ ಕಡೊನೊಸೊನೊ ಮತ್ತು ಸಂಗಡಿಗರು ಸ್ಕ್ಯಾನಿಂಗ್ ಲೇಸರ್ ಮೂಲಕ ಫ್ಲೋರೆಸೀನ್ ಚಿತ್ರ ತೆಗೆದು, ಇಂಥ ಕಣ್ಣುಗಳಲ್ಲಿ ಮ್ಯಾಕ್ಯುಲಾ ಸುತ್ತಲಿನ ಲೋಮನಾಳಗಳ ಹರಿವು ನಿಧಾನವಾಗಿದೆ ಎಂದು 1999ರಲ್ಲಿ ವರದಿ ಮಾಡಿದರು.

ಬಣ್ಣ ಚುಚ್ಚದೆ, ಕೆಲವೇ ಸೆಕೆಂಡುಗಳಲ್ಲಿ ಅಳೆಯುವ ಲೇಸರ್ ಸ್ಪೆಕಲ್ ವಿಧಾನವನ್ನು ಬೆಳೆಸಿದವರಲ್ಲಿ ಜಪಾನಿನ ಕ್ಯೂಶು ತಾಂತ್ರಿಕ ಸಂಸ್ಥೆಯ ಹಿತೋಶಿ ಫುಜಿಯಿ ಪ್ರಮುಖ. ಅಂಗಾಂಶದ ಮೇಲೆ ಬಿದ್ದ ಲೇಸರ್ ಬೆಳಕು ಕಾಳು ಕಾಳಾಗಿ ಕಾಣುತ್ತದೆ. ರಕ್ತ ಹರಿದಷ್ಟೂ ಆ ಕಾಳುಗಳು ಮಸುಕಾಗುತ್ತವೆ, ಮಸುಕಿನ ಮಟ್ಟವೇ ಅಳತೆ. ಇದು ಸಾಪೇಕ್ಷ ಅಂಕಿ. ಒಬ್ಬರ ಕಣ್ಣನ್ನು ಇನ್ನೊಬ್ಬರದಕ್ಕೆ ಹೋಲಿಸುವಾಗ ಎಚ್ಚರ ಬೇಕು. ಅದೇ ಕಣ್ಣಿನ ನಿನ್ನೆ ಮತ್ತು ಇಂದಿಗೆ ಹೆಚ್ಚು ಸಲ್ಲುತ್ತದೆ. ಶಸ್ತ್ರಕ್ರಿಯೆಯ ಮೊದಲು ಮತ್ತು ನಂತರದ ಹೋಲಿಕೆಗೆ ಬೇಕಾದದ್ದೂ ಅದೇ.

ಇಂದು ಹೆಚ್ಚು ಬಳಕೆಯಲ್ಲಿರುವುದು 2012ರ ಸುಮಾರಿಗೆ ಅಮೆರಿಕದ ಒರೆಗಾನ್ ತಂಡ ಹದಗೊಳಿಸಿದ ಒಸಿಟಿ ಆಂಜಿಯೋಗ್ರಫಿ. ಒಸಿಟಿ ಎಂದರೆ ಬೆಳಕಿನಿಂದ ರೆಟಿನಾದ ಪದರಗಳ ಅಡ್ಡಕೊಯ್ತದ ಚಿತ್ರ ತೆಗೆಯುವ ಸ್ಕ್ಯಾನ್. ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ ಬದಲಾಗುವುದು ರಕ್ತ ಮಾತ್ರ ಎಂಬ ಆಧಾರದಲ್ಲಿ ಅದು ನಾಳಗಳ ಚಿತ್ರ ಬಿಡಿಸುತ್ತದೆ. ಚಿತ್ರ ಎಷ್ಟು ಸೊಗಸೆಂದರೆ ಅದನ್ನೇ ಹರಿವೆಂದು ನಂಬಿಬಿಡುವ ಅಪಾಯವಿದೆ. ಅದು ಹೇಳುವುದು ಎಲ್ಲಿ ರಕ್ತ ಚಲಿಸುತ್ತಿದೆ ಎಂದು, ಎಷ್ಟು ಎಂದಲ್ಲ. ರಂಧ್ರ ಮುಚ್ಚಿದ ಕಣ್ಣುಗಳಲ್ಲಿ ನಡುವಿನ ನಾಳರಹಿತ ಜಾಗ ಕಿರಿದಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ರಕ್ತ ಹೆಚ್ಚಿತು ಎಂದು ಇದನ್ನು ಓದುವುದು ತಪ್ಪು: ರಂಧ್ರ ಮುಚ್ಚುವಾಗ ಅಂಗಾಂಶವೇ ನಡುವಿಗೆ ಸರಿದು ಬರುತ್ತದೆ, ನಾಳಗಳೂ ಅದರೊಂದಿಗೆ ಸರಿಯುತ್ತವೆ.

ಅಳತೆಯನ್ನು ಕೆಡಿಸುವ ಬೇರೆ ಸಂಗತಿಗಳೂ ಇವೆ. ರಂಧ್ರ ಮುಚ್ಚಲೆಂದು ಶಸ್ತ್ರಕ್ರಿಯೆಯಲ್ಲಿ ಕಣ್ಣಿನೊಳಗೆ ತುಂಬಿದ ಅನಿಲ ಕರಗುವವರೆಗೆ ಚಿತ್ರ ಸಿಗದು. ವಿಟ್ರೆಕ್ಟಮಿಯ ನಂತರ ಕಣ್ಣಿನ ಮಸೂರದ ಪೊರೆ (ಕ್ಯಾಟರಾಕ್ಟ್) ಬೇಗ ಬಲಿಯುವುದರಿಂದ ಸಂಕೇತ ಮಂಕಾಗಿ, ನಾಳಗಳು ಕಡಿಮೆಯಾದಂತೆ ತೋರಬಹುದು. ಮ್ಯಾಕ್ಯುಲಾ ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ಈಗಲೂ ತೀರ್ಮಾನಿಸುವುದು ಮುಖ್ಯವಾಗಿ ರೋಗಿಯ ದೃಷ್ಟಿ ಮತ್ತು ಒಸಿಟಿ ಚಿತ್ರ ನೋಡಿ. ರಕ್ತಪ್ರವಾಹದ ಅಂಕಿಗಳು ಬಹುಮಟ್ಟಿಗೆ ಸಂಶೋಧನೆಯ ಬಳಕೆಯಲ್ಲೇ ಉಳಿದಿವೆ.