ದೊಡ್ಡರೋಗದ ನಿರ್ಮೂಲನ

ಊರಿಗೆ ದೊಡ್ಡರೋಗ ಕಾಲಿಟ್ಟಿತೆಂದರೆ ಒಕ್ಕಲಿಗನ ಎದೆ ನಡುಗುತ್ತಿದ್ದ ಕಾಲವೊಂದಿತ್ತು. ಪಶುವೈದ್ಯರು ರಿಂಡರ್‌ಪೆಸ್ಟ್ ಎಂದು ಕರೆಯುವ ಈ ಬೇನೆ ತಗಲಿದ ದನಕ್ಕೆ ಮೊದಲು ಜ್ವರ. ಬಳಿಕ ಬಾಯಲ್ಲಿ ಹುಣ್ಣು, ಕಣ್ಣು ಮೂಗುಗಳಲ್ಲಿ ಸೋರಿಕೆ. ಕೊನೆಗೆ ತಡೆಯಿಲ್ಲದ ಭೇದಿ. ಕೆಲವೇ ದಿನಗಳಲ್ಲಿ ತುಂಬಿದ ಕೊಟ್ಟಿಗೆ ಬರಿದಾಗುತ್ತಿತ್ತು. ಎತ್ತು ಸತ್ತರೆ ನೇಗಿಲು ನಿಂತಿತು, ಗಾಡಿ ನಿಂತಿತು, ಕಪಿಲೆ ನಿಂತಿತು. ಮನುಷ್ಯನಿಗೆ ತಗಲದ ರೋಗವಾದರೂ ಮನುಷ್ಯನನ್ನು ಹಸಿವಿನಿಂದ ಕೊಲ್ಲುವ ಶಕ್ತಿ ಅದಕ್ಕಿತ್ತು. ಇಂದು ಅದು ಭೂಮಂಡಲದ ಯಾವ ಕೊಟ್ಟಿಗೆಯಲ್ಲಿಯೂ ಇಲ್ಲ. ಪ್ರಜೆಗಳು ತೆತ್ತ ತೆರಿಗೆಯ ಹಣದಿಂದ ನಡೆದ ಶೋಧನೆ ಅದನ್ನು ಹೇಗೆ ಅಟ್ಟಿತೆಂಬ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬಯಸುತ್ತೇನೆ.

ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಈ ರೋಗ ಮತ್ತೆ ಮತ್ತೆ ಹಾವಳಿ ಮಾಡಿತು. ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ೧೭೬೨ರಲ್ಲಿ ತೆರೆದ ಮೊದಲ ಪಶುವೈದ್ಯ ವಿದ್ಯಾಲಯಕ್ಕೆ ಈ ಹಾವಳಿಯೇ ಒಂದು ಮುಖ್ಯ ಪ್ರೇರಣೆ. ರೋಗಕ್ಕೆ ಹೊಲದ ಬೇಲಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಒಬ್ಬ ರೈತನು ತನ್ನ ದನವನ್ನು ಎಷ್ಟು ಜೋಪಾನ ಮಾಡಿದರೇನು? ನೆರೆಯವನ ದನ ಬಂದು ಒಂದೇ ಕೆರೆಯಲ್ಲಿ ನೀರು ಕುಡಿದರೆ ಸಾಕು. ಆದಕಾರಣ ಇದರ ಪ್ರತೀಕಾರ ಒಬ್ಬಿಬ್ಬರ ಹಣದಿಂದ ಆಗತಕ್ಕದ್ದಲ್ಲ, ರಾಜ್ಯದ ಬೊಕ್ಕಸದಿಂದಲೇ ಆಗತಕ್ಕದ್ದು ಎಂಬ ಅರಿವು ಮೆಲ್ಲಮೆಲ್ಲನೆ ಬೇರೂರಿತು.

ಭರತಖಂಡದಲ್ಲಿ ೧೮೮೯ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಲಾಜಿಕಲ್ ಲ್ಯಾಬೊರೇಟರಿ ಎಂಬ ಸರ್ಕಾರಿ ಸಂಶೋಧನಾಲಯವು ಸ್ಥಾಪಿತವಾಯಿತು. ಅದರ ಮೊದಲ ಅಧಿಕಾರಿ ಆಲ್ಫ್ರೆಡ್ ಲಿಂಗಾರ್ಡ್. ಉಗ್ರವಾದ ರೋಗಬೀಜಗಳನ್ನು ಜನನಿಬಿಡವಾದ ಊರಿನಲ್ಲಿರಿಸುವುದು ಅಪಾಯವೆಂದು ೧೮೯೩ರಲ್ಲಿ ಅದನ್ನು ಹಿಮಾಲಯದ ಕುಮಾವೂನ್ ಪ್ರಾಂತದ ಮುಕ್ತೇಶ್ವರಕ್ಕೆ ಸಾಗಿಸಿದರು. ಅಲ್ಲಿ ಬಹುಕಾಲ ಸೀರಂ ತಯಾರಿಸಿ ಕಳುಹಿಸುತ್ತಿದ್ದರು. ಅದು ದನವನ್ನು ಕೆಲವು ದಿನ ಮಾತ್ರ ಕಾಯುತ್ತಿತ್ತು; ವೆಚ್ಚವೂ ಅಧಿಕ. ನಮ್ಮ ಮೈಸೂರು ಸಂಸ್ಥಾನವೂ ಸುಮ್ಮನಿರಲಿಲ್ಲ. ದೊಡ್ಡರೋಗದ ಸೀರಮ್ಮಿಗಾಗಿಯೇ ೧೯೨೫ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ತೆರೆಯಿತು. ಅದೇ ಸಂಸ್ಥೆ ಹೆಸರು ಬದಲಿಸಿಕೊಂಡು ಇಂದು ಹೆಬ್ಬಾಳದಲ್ಲಿದೆ.

ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬ ವಿಜ್ಞಾನಿ ೧೯೨೦ರ ದಶಕದಲ್ಲಿ ಹೊಸ ದಾರಿ ಹಿಡಿದನು. ರೋಗದ ವಿಷಾಣುವನ್ನು ಒಂದು ಆಡಿನಿಂದ ಮತ್ತೊಂದಕ್ಕೆ ಎಡೆಬಿಡದೆ ದಾಟಿಸುತ್ತ ಹೋದಂತೆ, ದನದ ಮೇಲಿನ ಅದರ ಉಗ್ರತೆ ಕುಗ್ಗಿತು. ಅದನ್ನು ಚುಚ್ಚಿದ ದನಕ್ಕೆ ಅಲ್ಪ ಜ್ವರ ಬಂದು ಹೋಗಿ ದೀರ್ಘಕಾಲದ ರಕ್ಷೆ ದೊರೆಯುತ್ತಿತ್ತು. ಸಂಶೋಧನಾಲಯ ತೆರೆದು ಆ ವೇಳೆಗೆ ಮೂವತ್ತು ವರ್ಷಗಳು ಮೀರಿದ್ದುವು. ಇಷ್ಟು ಕಾಲ ಫಲಕ್ಕಾಗಿ ಕಾದು ಕುಳಿತಿರಬಲ್ಲ ಸಾಹುಕಾರನು ಎಲ್ಲಿದ್ದಾನೆ? ಅಲ್ಲದೆ, ಸೀರಂ ಮಾರಿ ಜೀವಿಸುವವನಿಗೆ ರೋಗ ಉಳಿದರೇ ಲಾಭ. ರೋಗವೇ ಇಲ್ಲವಾಗಲೆಂದು ಹಣ ಸುರಿಯುವುದು ಸಮುದಾಯಕ್ಕೆ ಮಾತ್ರ ಹಿತ.

ಸ್ವತಂತ್ರ ಭಾರತವು ೧೯೫೪ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವನ್ನು ಕೈಗೊಂಡಿತು. ರೋಗ ಬಹುವಾಗಿ ಇಳಿದರೂ ಪೂರ್ಣವಾಗಿ ಅಳಿಯಲಿಲ್ಲ. ಇದರ ನಡುವೆ ವಾಲ್ಟರ್ ಪ್ಲೌರೈಟ್ ಎಂಬವರು ಕೆನ್ಯಾ ದೇಶದ ಸಾರ್ವಜನಿಕ ಸಂಶೋಧನಾಲಯದಲ್ಲಿ, ಜೀವಕೋಶಗಳಲ್ಲಿ ಬೆಳೆಸಿದ ಇನ್ನೂ ಸುರಕ್ಷಿತವಾದ ಲಸಿಕೆಯನ್ನು ಸಿದ್ಧಪಡಿಸಿದರು. ಕೊನೆಯ ಘಟ್ಟ ವಿಚಿತ್ರವಾದದ್ದು: ರೋಗ ಅಳಿದದ್ದು ನಿಜವೇ ಎಂದು ತಿಳಿಯಬೇಕಾದರೆ ಚುಚ್ಚುವುದನ್ನು ನಿಲ್ಲಿಸಿ, ಎಚ್ಚರದಿಂದ ನೋಡುತ್ತಿರಬೇಕು. ಭಾರತದಲ್ಲಿ ೧೯೯೫ರ ಬಳಿಕ ರೋಗ ಕಾಣಲಿಲ್ಲ. ೨೦೧೧ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವೆಂದು ಘೋಷಿಸಿದರು. ಮಾನವನು ಬುದ್ಧಿಪೂರ್ವಕವಾಗಿ ನಿರ್ಮೂಲಗೊಳಿಸಿದ ರೋಗಗಳಲ್ಲಿ ಸಿಡುಬಿನ ತರುವಾಯ ಇದು ಎರಡನೆಯದು.

ಈ ಶ್ರಮದಿಂದ ಯಾರೂ ಎಣಿಸದಿದ್ದ ಫಲವೊಂದು ಕಾಡಿಗೆ ದೊರೆಯಿತು. ೧೮೯೦ರ ದಶಕದಲ್ಲಿ ಆಫ್ರಿಕಾ ಖಂಡದಲ್ಲಿ ಹರಡಿದ ಈ ಮಾರಿ ದನಗಳೊಡನೆ ಕಾಡೆಮ್ಮೆ, ಜಿರಾಫೆಗಳನ್ನೂ ಬಲಿತೆಗೆದುಕೊಂಡಿತ್ತು. ಟಾಂಜಾನಿಯಾದ ಸೆರೆಂಗೆಟಿ ಬಯಲಿನ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡುಮೃಗಗಳಲ್ಲಿಯೂ ರೋಗ ನಿಂತಿತು. ಅಲ್ಲಿನ ವೈಲ್ಡ್‌ಬೀಸ್ಟ್ ಎಂಬ ಮೃಗಗಳು ೧೯೬೧ರಲ್ಲಿ ಸುಮಾರು ೨½ ಲಕ್ಷವಿದ್ದುವು. ೧೯೭೭ರ ವೇಳೆಗೆ ೧೩ ಲಕ್ಷಕ್ಕೇರಿದುವು. ಅವು ಹುಲ್ಲು ಮೇದುದರಿಂದ ಕಾಳ್ಗಿಚ್ಚು ಕಡಮೆಯಾಗಿ ಮರಗಳೂ ಹೆಚ್ಚಿದುವು. ಕೊಟ್ಟಿಗೆಯ ಆರೋಗ್ಯಕ್ಕೂ ಅಡವಿಯ ಸಮೃದ್ಧಿಗೂ ಇಷ್ಟು ಹತ್ತಿರದ ನಂಟು.

ಆದರೆ ಬಾರದ ರೋಗವನ್ನು ಯಾರೂ ಕಾಣರು. ಆದುದರಿಂದ, ಗೆದ್ದ ಶೋಧನೆಯನ್ನು ಜನ ಬೇಗ ಮರೆಯುತ್ತಾರೆ. ಮರೆತಲ್ಲಿ ಅದಕ್ಕೆ ಕೊಡುವ ಹಣವೂ ವ್ಯರ್ಥವೆಂದು ತೋರುತ್ತದೆ. ೨೦೨೨ರಲ್ಲಿ ಚರ್ಮಗಂಟು ರೋಗವು ದೇಶದ ಒಂದೂವರೆ ಲಕ್ಷಕ್ಕೂ ಮಿಕ್ಕಿ ದನಗಳನ್ನು ಕೊಂದಿತು. ಆಗ ಸಮಯಕ್ಕೆ ಒದಗಿದ್ದು ಮೇಕೆಗಳ ಸಿಡುಬಿಗೆಂದು ಅದೇ ಮುಕ್ತೇಶ್ವರದಲ್ಲಿ ಹಿಂದೆಯೇ ಸಿದ್ಧವಾಗಿದ್ದ ಲಸಿಕೆ. ಹಾಲನ್ನು ಬಾಗಿಲಲ್ಲಿ ಕೊಳ್ಳುವ ನಾವು ನಗರವಾಸಿಗಳು, ಬೊಕ್ಕಸದ ಲೆಕ್ಕ ಕೇಳುವಾಗ ಇದನ್ನೂ ನೆನೆಯಬೇಕು. ರೋಗ ಬಂದ ದಿನ ಸಂಶೋಧನಾಲಯವನ್ನು ಕಟ್ಟಲಾಗದು; ಅದು ಅದಕ್ಕೆ ಮುಂಚೆಯೇ ಇರಬೇಕು.