ಪರದೆಯ ಬಣ್ಣ, ಕಾಗದದ ಬಣ್ಣ

ಕಂಪ್ಯೂಟರಿನ ಪರದೆಯ ಮೇಲೆ ಕಣ್ಣು ಕೋರೈಸುವ ನೀಲಿ ಬಣ್ಣ ಅಚ್ಚಾಗಿ ಬಂದಾಗ ಮಂಕಾಗಿರುತ್ತದೆ. ತಪ್ಪು ಯಾರದು? ಚಿತ್ರ ರಚಿಸಿದವರು ಮುದ್ರಣಾಲಯದತ್ತ ಬೆರಳು ತೋರಿಸುತ್ತಾರೆ, ಮುದ್ರಣಾಲಯದವರು ಫೈಲಿನತ್ತ. ಈ ಜಗಳದ ಬೇರು ಕಂಪ್ಯೂಟರಿಗಿಂತ ಹಳೆಯದು.

ಮುದ್ರಣಯಂತ್ರಕ್ಕೆ ತೆಳುಛಾಯೆ ಎಂಬುದೇ ಇಲ್ಲ. ಅದು ಶಾಯಿ ಹಚ್ಚುತ್ತದೆ, ಇಲ್ಲವೇ ಕಾಗದವನ್ನು ಖಾಲಿ ಬಿಡುತ್ತದೆ. ಛಾಯೆಗಳನ್ನು ಸಣ್ಣ, ದೊಡ್ಡ ಚುಕ್ಕೆಗಳಾಗಿ ಒಡೆದು ಕಣ್ಣನ್ನು ನಂಬಿಸುವ ಹಾಫ್‌ಟೋನ್ ವಿಧಾನವೊಂದಕ್ಕೆ ಜರ್ಮನಿಯ ಗೇಯೋರ್ಗ್ ಮೈಸೆನ್‌ಬಾಖ್ 1882ರಲ್ಲಿ ಪೇಟೆಂಟ್ ಪಡೆದ. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಫಿಲ್ಟರುಗಳ ಮೂಲಕ ಅದನ್ನು ಬೇರ್ಪಡಿಸಿ, ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಗೆ ನಾಲ್ಕು ಫಿಲಂ ಮಾಡಬೇಕಿತ್ತು. ಕಂಪಾಸಿಟರ್, ಕ್ಯಾಮೆರಾದವ, ಬ್ಲಾಕ್ ಮಾಡುವವ, ಫಿಲಂ ಜೋಡಿಸಿ ಅಂಟಿಸುವವ ಹೀಗೆ ಒಂದೊಂದಕ್ಕೂ ಒಬ್ಬೊಬ್ಬ ಕುಶಲಿ. ಕಲಾವಿದ ಮೂಲಚಿತ್ರ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗಬಹುದಿತ್ತು.

1984ರಲ್ಲಿ ಅಡೋಬ್ ಸಂಸ್ಥೆ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನು ಹೊರತಂದಿತು. ಅಕ್ಷರವನ್ನು ಚುಕ್ಕೆಗಳಾಗಿ ಅಲ್ಲ, ರೇಖೆಗಳ ಗಣಿತವಾಗಿ ಬರೆದಿಡುವ ಕ್ರಮ ಅದರದು. ಹಾಗಾಗಿ ಮೇಜಿನ ಮೇಲಿನ ಪ್ರಿಂಟರೂ ಮುದ್ರಣಾಲಯದ ಫಿಲಂ ಯಂತ್ರವೂ ಒಂದೇ ಫೈಲನ್ನು ಓದಬಲ್ಲವಾದವು. 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಮತ್ತು ಆಲ್ಡಸ್‌ನ ಪೇಜ್‌ಮೇಕರ್ ಬಂದವು, 1990ರಲ್ಲಿ ಫೋಟೊಶಾಪ್. ನಮ್ಮ ಊರೂರಿನ ಅಂಗಡಿ ಫಲಕಗಳಲ್ಲಿ ಡಿಟಿಪಿ ಎಂಬ ಮೂರಕ್ಷರ ಕಾಣಿಸಿಕೊಂಡದ್ದು ಇದೇ ಬೆಳವಣಿಗೆಯಿಂದ.

ಕುಶಲಿಗಳು ಮರೆಯಾದರು, ಅವರ ಕೆಲಸ ಮಾತ್ರ ಉಳಿಯಿತು. ಅದೆಲ್ಲ ಈಗ ವಿನ್ಯಾಸಕಾರನೊಬ್ಬನ ತಲೆಗೆ. ಬೆಳಕಿನ ಬಣ್ಣಗಳನ್ನು ಶಾಯಿಯ ಬಣ್ಣಗಳಿಗೆ ಅವನೇ ಪರಿವರ್ತಿಸಬೇಕು. ಪರದೆ ತೋರುವ ಹೊಳಪು ಶಾಯಿಗೆ ಎಟುಕದು. ಚಿತ್ರಕ್ಕೆ ಅಂಗುಲಕ್ಕೆ ಸುಮಾರು 300 ಬಿಂದುಗಳಿರಬೇಕು. ಕತ್ತರಿಸುವಾಗ ಬಿಳಿ ಅಂಚು ಇಣುಕದಂತೆ ಬಣ್ಣವನ್ನು ಸುಮಾರು 3 ಮಿ.ಮೀ. ಆಚೆಗೂ ಹರಿಸಬೇಕು. ಸಣ್ಣ ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಬೇಕು, ಏಕೆಂದರೆ ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಮೂಡುತ್ತದೆ.

ಕನ್ನಡಿಗರಿಗೆ ಇನ್ನೊಂದು ತೊಡಕಿತ್ತು. ಒಂದೊಂದು ತಂತ್ರಾಂಶದ ಫಾಂಟಿಗೂ ಒಂದೊಂದು ಸಂಕೇತಕ್ರಮ. ಆ ಫಾಂಟ್ ಮುದ್ರಣಾಲಯದಲ್ಲಿ ಇಲ್ಲದಿದ್ದರೆ ಲಗ್ನಪತ್ರಿಕೆಯ ಸಾಲೆಲ್ಲ ಅರ್ಥವಿಲ್ಲದ ಚಿಹ್ನೆಗಳು. ಅದಕ್ಕೆಂದೇ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಬರೀ ಆಕೃತಿಗಳಿಗೆ, ಬದಲಿಸಿ ಕೊಡುವ ರೂಢಿ ಬೆಳೆಯಿತು. ಒತ್ತಕ್ಷರ ಉಳಿಯಿತು, ಆದರೆ ಆ ಫೈಲಿನಲ್ಲಿ ವರನ ಹೆಸರಿನ ಕಾಗುಣಿತವನ್ನು ಕೀಲಿಮಣೆಯಿಂದ ತಿದ್ದಲು ಸಾಧ್ಯವಿಲ್ಲ! 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ 2001ರಲ್ಲಿ ಬಂದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಅದನ್ನು ಅರಿಯಲಿಲ್ಲ. ಇನ್‌ಡಿಸೈನ್ ಕನ್ನಡಕ್ಕೆ ಬೆಂಬಲ ನೀಡಿದ್ದು 2012ರಲ್ಲಿ.

ಫಾಂಟನ್ನು ತನ್ನೊಳಗೇ ಹೊತ್ತೊಯ್ಯಬಲ್ಲ ಪಿಡಿಎಫ್ 1993ರಲ್ಲಿ ಬಂದಿತು. ಮುದ್ರಣಕ್ಕೆಂದೇ ರೂಪಿಸಿದ ಅದರ ಪಿಡಿಎಫ್-ಎಕ್ಸ್ ಮಾದರಿಗೆ 2001ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಫಾಂಟ್ ಬಿಟ್ಟುಹೋಗಿದ್ದರೆ ತಪಾಸಣೆಯ ತಂತ್ರಾಂಶ ಅದನ್ನು ಹಿಡಿಯುತ್ತದೆ. ನೀಲಿ ಬಣ್ಣ ಕಲಾವಿದ ಬಯಸಿದ ನೀಲಿಯೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಮುದ್ರಣಾಲಯಗಳು ಇಂದಿಗೂ ಪ್ರೂಫ್ ತೆಗೆದು, ಅದರ ಮೇಲೆ ಸಹಿ ಹಾಕಿಸಿಕೊಂಡ ಬಳಿಕವೇ ಪ್ಲೇಟ್ ಮಾಡಲು ಇಷ್ಟಪಡುತ್ತವೆ.