ಮಧ್ಯಸ್ಥಿಕೆ ಪ್ರಾರ್ಥನೆ (ಕ್ರೈಸ್ತಧರ್ಮ)

ಮಧ್ಯಸ್ಥಿಕೆ ಪ್ರಾರ್ಥನೆ ಎಂದರೆ ಕ್ರೈಸ್ತರು ಇತರರ ಪರವಾಗಿ ದೇವರಲ್ಲಿ ಸಲ್ಲಿಸುವ ಬೇಡಿಕೆ. ಇದನ್ನು ವಿಜ್ಞಾಪನೆ ಎಂದೂ ಕರೆಯುವುದುಂಟು. ರೋಗಿಗಳು, ಸಂಕಷ್ಟದಲ್ಲಿರುವವರು ಮತ್ತು ಆಳುವವರಷ್ಟೇ ಅಲ್ಲದೆ ಅಪರಿಚಿತರೂ ವಿರೋಧಿಗಳೂ ಇದರ ವ್ಯಾಪ್ತಿಗೆ ಬರುತ್ತಾರೆ.

ಬೈಬಲಿನ ಹಿನ್ನೆಲೆ

ಹಳೆಯ ಒಡಂಬಡಿಕೆಯಲ್ಲಿ ಅಬ್ರಹಾಮನು ಸೊದೋಮ್ ಪಟ್ಟಣಕ್ಕಾಗಿ (ಆದಿಕಾಂಡ 18) ಬೇಡುತ್ತಾನೆ. ಚಿನ್ನದ ಕರುವನ್ನು ಪೂಜಿಸಿದ ಜನರಿಗಾಗಿ ಮೋಶೆಯು ಮೊರೆಯಿಡುತ್ತಾನೆ (ವಿಮೋಚನಕಾಂಡ 32). ಮೋಶೆಯ ಮೊರೆ ಫಲಿಸುತ್ತದೆ. ಆದರೆ ಹತ್ತು ಮಂದಿ ನೀತಿವಂತರೂ ದೊರೆಯದ ಸೊದೋಮ್ ನಾಶವಾಗುತ್ತದೆ. ಹೊಸ ಒಡಂಬಡಿಕೆಯಲ್ಲಿ ಯೇಸು ಹಿಂಸಿಸುವವರಿಗಾಗಿಯೂ ಪ್ರಾರ್ಥಿಸಬೇಕೆಂದು ಬೋಧಿಸುತ್ತಾನೆ (ಮತ್ತಾಯ 5), ಶಿಲುಬೆಯ ಮೇಲೆ ಅದನ್ನೇ ಆಚರಿಸುತ್ತಾನೆ (ಲೂಕ 23). ಕಲ್ಲೇಟಿನಿಂದ ಸಾಯುತ್ತಿದ್ದ ಸ್ತೆಫನನು ತನ್ನ ಕೊಲೆಗಾರರಿಗಾಗಿ ಬೇಡುತ್ತಾನೆ (ಅಪೊಸ್ತಲರ ಕೃತ್ಯಗಳು 7).

ಸಭೆಗಳ ನಿಲುವು

ಕಥೋಲಿಕರು ಮರಿಯ ಹಾಗೂ ಸಂತರ ಮಧ್ಯಸ್ಥಿಕೆಯನ್ನೂ ಕೋರುತ್ತಾರೆ. ಪ್ರೊಟೆಸ್ಟೆಂಟರು ಕ್ರಿಸ್ತನೊಬ್ಬನೇ ಮಧ್ಯಸ್ಥನೆಂದು ನಂಬಿ, ಬದುಕಿರುವವರು ಪರಸ್ಪರ ಪ್ರಾರ್ಥಿಸುವುದನ್ನು ಪ್ರೋತ್ಸಾಹಿಸುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಬಲಿಪೂಜೆಯೊಳಗಿನ ವಿಶ್ವಾಸಿಗಳ ಪ್ರಾರ್ಥನೆಯನ್ನು ಪುನರುಜ್ಜೀವಿಸಲು ತೀರ್ಮಾನಿಸಿತು. ಶುಭ ಶುಕ್ರವಾರದ ಹತ್ತು ವಿಜ್ಞಾಪನೆಗಳಲ್ಲಿ ದೇವರನ್ನು ನಂಬದವರಿಗಾಗಿಯೂ ಒಂದಿದೆ.

ಬೆಂಗಳೂರಿನಲ್ಲಿ

ನಗರದಲ್ಲಿ ಎರಡೂ ಪರಂಪರೆಗಳನ್ನು ಕಾಣಬಹುದು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ರಂದು ಧ್ವಜಾರೋಹಣದೊಂದಿಗೆ ಆರಂಭವಾಗುವ ನೊವೆನಾ ಸೆಪ್ಟೆಂಬರ್ 8ರ ಹಬ್ಬದತ್ತ ಸಾಗುತ್ತದೆ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರಗಳಂದು ಅನ್ಯಧರ್ಮೀಯರೂ ತಮ್ಮವರಿಗಾಗಿ ಕೋರಿಕೆ ಹೊತ್ತು ಬರುತ್ತಾರೆ. 1904ರಲ್ಲಿ ನಿರ್ಮಾಣವಾದ ಹಡ್ಸನ್ ಸ್ಮಾರಕ ಚರ್ಚು ಕನ್ನಡ ಆರಾಧನೆಗೆ ಹೆಸರಾಗಿದ್ದು, 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಗೆ ಸೇರಿದೆ. ಈ ಸಭೆಯ ಆರಾಧನಾ ಕ್ರಮದಲ್ಲಿಯೂ ವಿಜ್ಞಾಪನೆಗಳಿಗೆ ನಿಯತ ಸ್ಥಾನವಿದೆ.

ಪರಿಣಾಮ ಮತ್ತು ಮೌಲ್ಯ

ಪ್ರಾರ್ಥನೆಯ ಫಲವನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆ ನಡೆಯುವುದೋ ಇಲ್ಲವೋ ಎಂದು ಖಚಿತವಾಗಿ ತಿಳಿಯದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಲ್ಲಿ ಶೇ. 52, ಪಡೆಯದವರಲ್ಲಿ ಶೇ. 51 ಮಂದಿಗೆ ತೊಡಕುಗಳು ಉಂಟಾದವು. ಪ್ರಾರ್ಥನೆ ನಡೆಯುತ್ತದೆಂದು ಖಚಿತವಾಗಿ ತಿಳಿದಿದ್ದವರಲ್ಲಿ ಈ ಪ್ರಮಾಣ ಶೇ. 59ರಷ್ಟಿತ್ತು.

ಪ್ರಾರ್ಥನೆಯು ದೇವರನ್ನು ಪರೀಕ್ಷಿಸುವ ಪ್ರಯೋಗವಲ್ಲ ಎಂಬುದು ಅನೇಕ ದೇವತಾಶಾಸ್ತ್ರಜ್ಞರ ಉತ್ತರ. ಅವರ ಪ್ರಕಾರ ಪರರ ನೋವನ್ನು ಹೆಸರಿಟ್ಟು ದೇವರ ಮುಂದಿಡುವವನು ಆ ನೋವನ್ನು ಕಡೆಗಣಿಸಲಾರ. ಶತ್ರುವಿಗಾಗಿ ಬೇಡುವವನಲ್ಲಿ ದ್ವೇಷ ಉಳಿಯುವುದು ಕಷ್ಟ. ಆದರೆ ಈ ಪ್ರಾರ್ಥನೆ ಚಿಕಿತ್ಸೆಗೂ ನೆರವಿಗೂ ಬದಲಿಯಲ್ಲ. ಹೊಟ್ಟೆಬಟ್ಟೆಗಿಲ್ಲದವರಿಗೆ ಬರಿಯ ಶುಭನುಡಿ ಹೇಳಿ ಕಳುಹಿಸುವುದನ್ನು ಯಾಕೋಬನ ಪತ್ರವು (ಅಧ್ಯಾಯ 2) ಖಂಡಿಸುತ್ತದೆ. ಅದೇ ಪತ್ರದ 5ನೆಯ ಅಧ್ಯಾಯವು ರೋಗಿಗಳಿಗಾಗಿ ಪ್ರಾರ್ಥಿಸಲು ಸಭೆಯ ಹಿರಿಯರನ್ನು ಕರೆಸುವಂತೆ ಹೇಳುತ್ತದೆ.